ಪೆಟ್ಟಿಗೆಯ ಮೇಲೆ ಬರೆದ ಬೆಲೆ

ಮನೆಯಲ್ಲಿ ಕುಳಿತೇ ಕೊಳ್ಳುವುದೂ ಮಾರುವುದೂ ನಡೆಯತಕ್ಕ ಕಾಲವಿದು. ಹಿಂದೆ ಮಾರುವವನು ಗಂಟು ಹೊತ್ತು ಕೊಳ್ಳುವವನ ಬಾಗಿಲಿಗೆ ಬರುತ್ತಿದ್ದನು. ಇಲ್ಲವೇ ಕೊಳ್ಳುವವನು ಸಂತೆಗೆ ಹೋಗಿ, ವಸ್ತುವನ್ನು ಮುಟ್ಟಿ ನೋಡಿ, ತಿರುಗಿಸಿ ನೋಡಿ, ಚೌಕಾಸಿ ಮಾಡಿ, ಹಣವೆಣಿಸಿ ಕೊಟ್ಟು, ತಾನೇ ಹೊತ್ತು ತರುತ್ತಿದ್ದನು. ದಾರಿಯಲ್ಲಿ ಎಡವಿ ಬಿದ್ದು ಮಡಕೆ ಒಡೆದರೆ ಯಾರನ್ನೂ ಕೇಳುವ ಪ್ರಮೇಯವಿರಲಿಲ್ಲ, ಒಡೆದವನೇ ಒಡೆಯನು. ಈಗಲಾದರೋ ಮಾರುವವರು ಮೈಸೂರಿನಲ್ಲಿ, ಕೊಳ್ಳುವವರು ಪುಣೆಯಲ್ಲಿ. ಒಬ್ಬರ ಮುಖವನ್ನೊಬ್ಬರು ಕಂಡಿಲ್ಲ. ಇವರಿಬ್ಬರ ನಡುವೆ ಹೆಸರು ತಿಳಿಯದ ಹತ್ತು ಹದಿನೈದು ಕೈಗಳು ಆ ವಸ್ತುವನ್ನು ಎತ್ತಿ ಇಳಿಸುತ್ತವೆ. ಆ ಕೈಗಳಲ್ಲಿ ಒಂದು ಜಾರಿದರೆ ನಷ್ಟ ಯಾರದು? ಈ ಪ್ರಶ್ನೆಯನ್ನು ಅರುವತ್ತು ವರ್ಷ ವಯಸ್ಸಾಗುವವರೆಗೂ ನಾನು ಕೇಳಿಕೊಂಡವನಲ್ಲ. ಕೇಳಿಕೊಳ್ಳುವಂತೆ ಮಾಡಿದ್ದು ನನ್ನದೇ ಒಂದು ತಪ್ಪು. ಅದನ್ನು ಮರೆಮಾಚದೆ ಹೇಳಿದರೆ ಈ ಪತ್ರಿಕೆಯನ್ನು ಓದತಕ್ಕ ಗೃಹಸ್ಥರಿಗೂ ಗೃಹಿಣಿಯರಿಗೂ, ಅದರಲ್ಲಿಯೂ ಮನೆಯಿಂದಲೇ ಏನಾದರೊಂದನ್ನು ಮಾಡಿ ಮಾರುವವರಿಗೆ, ಸ್ವಲ್ಪ ಉಪಯೋಗವಾದೀತೆಂದು ನಂಬಿ ಬರೆಯುತ್ತಿದ್ದೇನೆ.

ನಾನು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಬಳಿಕ ಮೂವತ್ತುಮೂರು ವರ್ಷ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ನಿವೃತ್ತನಾಗಿ ಮೈಸೂರಿನಲ್ಲಿ ಮಗ ಸೊಸೆಯರೊಡನೆ ಇದ್ದೇನೆ. ನನ್ನ ಸೊಸೆಯು ಮೈಸೂರು ಸಂಪ್ರದಾಯದ ಚಿತ್ರಗಳನ್ನು ಬರೆಯುವುದರಲ್ಲಿ ಕುಶಲೆ. ಈ ಚಿತ್ರಗಳನ್ನು ಕಂಡವರು ಬಹುಮಂದಿ ಇದ್ದರೂ ಬರೆಯುವುದನ್ನು ಕಂಡವರು ಕಡಮೆ. ಹಲಗೆಯ ಮೇಲೆ ಕಾಗದವನ್ನಂಟಿಸಿ, ರೇಖೆ ತೆಗೆದು, ಸಫೇದದ ಪುಡಿಗೆ ರೇವಲ್‌ಚಿನ್ನಿಯ ಹಾಲನ್ನೂ ಗೋಂದನ್ನೂ ಕೂಡಿಸಿ ಅರೆದ ಸರಿಯಿಂದ ದೇವರ ಒಡವೆಗಳನ್ನೂ ಮಂಟಪದ ಕಂಬಗಳನ್ನೂ ಸೀರೆಯ ಸರಿಗೆಯನ್ನೂ ತುಸುವೇ ಉಬ್ಬಿಸಿ, ಆ ಉಬ್ಬಿನ ಮೇಲೆ ಚಿನ್ನದ ರೇಕನ್ನು ಕೂರಿಸಬೇಕು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ. ಮೈಸೂರಿನವುಗಳಲ್ಲಿ ಬೆರಳಿಂದ ಸವರಿದರೆ ಮಾತ್ರ ತಿಳಿಯುವಷ್ಟು ತೆಳುವು. ನನ್ನ ಸೊಸೆ ಮುಖಗಳನ್ನು ಕಟ್ಟಕಡೆಗೆ ಬರೆಯುತ್ತಾಳೆ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ. ಮೊದಮೊದಲು ನೆಂಟರಿಷ್ಟರಿಗೆ ಮಾತ್ರ ಬರೆದುಕೊಡುತ್ತಿದ್ದಳು. ನಾಲ್ಕು ವರ್ಷಗಳಿಂದೀಚೆಗೆ ಅಂತರ್ಜಾಲದಲ್ಲಿ ಚಿತ್ರಗಳ ಛಾಯಾಪ್ರತಿಗಳನ್ನು ಪ್ರಕಟಿಸಿ, ದೂರದ ಊರುಗಳವರಿಂದ ಬೇಡಿಕೆ ಪಡೆದು, ಕೊರಿಯರಿನ ಮೂಲಕವೋ ಅಂಚೆಯ ಮೂಲಕವೋ ಕಳುಹಿಸುತ್ತಿದ್ದಾಳೆ. ಮೊಮ್ಮಗಳ ಕಾಲೇಜಿನ ಶುಲ್ಕದಲ್ಲಿ ಅರ್ಧ ಭಾಗ ಈ ಚಿತ್ರಗಳಿಂದಲೇ ಬರುತ್ತದೆಂದು ಹೇಳಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ಪುಣೆಯಲ್ಲಿ ನೆಲಸಿರುವ ಕನ್ನಡದ ಕುಟುಂಬವೊಂದು ಹೊಸಮನೆಯ ಗೃಹಪ್ರವೇಶಕ್ಕಾಗಿ ಶ್ರೀರಾಮ ಪಟ್ಟಾಭಿಷೇಕದ ಚಿತ್ರವೊಂದನ್ನು ಕೇಳಿತು. ನಾಲ್ಕು ತಿಂಗಳ ಕೆಲಸ; ಬೆಲೆ ೩೬,೦೦೦ ರೂಪಾಯಿ; ಹಣವೆಲ್ಲ ಮುಂಗಡವಾಗಿಯೇ ಬಂದಿತು. ಚಿತ್ರ ಮುಗಿದು, ತೇಗದ ಚೌಕಟ್ಟು ಗಾಜುಗಳನ್ನು ಹಾಕಿಸಿದ್ದಾಯಿತು. ಅಷ್ಟರಲ್ಲಿ ಸೊಸೆಯ ತಂದೆಗೆ ಮೈಯಲ್ಲಿ ಸ್ವಸ್ಥವಿಲ್ಲದೆ ಅವಳು ತವರಿಗೆ ಹೊರಡಬೇಕಾಗಿ ಬಂತು. ಹೊರಡುವಾಗ, "ಮಾವ, ಇದನ್ನು ನೀವೇ ಹೋಗಿ ಕಳುಹಿಸಿಬಿಡಿ. ಬೆಲೆ ಪೂರ್ತಿ ಬರೆಸಿ ವಿಮೆ ಮಾಡಿಸಿ, ಮರೆಯಬೇಡಿ," ಎಂದು ಎರಡು ಸಲ ಹೇಳಿದಳು. "ಆಗಲಮ್ಮ, ಅಷ್ಟೂ ತಿಳಿಯದವನೇ ನಾನು?" ಎಂದೆನು.

ಮಾರನೆಯ ದಿನ ಚಿತ್ರವನ್ನು ಹಳೆಯ ವೃತ್ತಪತ್ರಿಕೆಗಳಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹುರಿಯಿಂದ ಬಿಗಿದು, ಆಟೋರಿಕ್ಷಾದಲ್ಲಿ ಕೊರಿಯರ್ ಕಚೇರಿಗೆ ಒಯ್ದೆನು. ಅಲ್ಲಿದ್ದ ಹುಡುಗನು ತೂಕ ನೋಡಿ ಸಾಗಣೆಗೆ ೬೪೦ ರೂಪಾಯಿ ಎಂದನು. ಬಳಿಕ, "ಬೆಲೆ ಎಷ್ಟು ಹಾಕಲಿ ಸಾರ್?" ಎಂದು ಕೇಳಿದನು. ಏಕೆಂದು ವಿಚಾರಿಸಿದಾಗ, ಪೂರ್ಣ ಬೆಲೆಯನ್ನು ಬರೆಸಿ ನಷ್ಟದ ಹೊಣೆಯನ್ನು ಅವರ ಮೇಲೆ ಹಾಕುವುದಾದರೆ ನೂರಕ್ಕೆ ಎರಡರಂತೆ ಮತ್ತೆ ೭೨೦ ರೂಪಾಯಿ ಆಗುತ್ತದೆಂದೂ, ಇಲ್ಲವಾದರೆ ಪೆಟ್ಟಿಗೆಯು ಒಡೆಯನ ಹೊಣೆಯಲ್ಲಿಯೇ ಹೋಗುತ್ತದೆಂದೂ ವಿವರಿಸಿದನು. ಸಾಗಣೆಗಿಂತ ಸಾಗಣೆಯ ಭಯಕ್ಕೆ ಹೆಚ್ಚು ಹಣವೇ ಎಂದು ನನಗೆ ಅನ್ನಿಸಿತು. ಅದಲ್ಲದೆ, ಬೆಲೆ ಹೆಚ್ಚೆಂದು ಬರೆದರೆ ಕಳ್ಳರಿಗೆ ತಾನೇ ದಾರಿ ತೋರಿಸಿದಂತೆ ಎಂದು ನೆರೆಮನೆಯವರು ಹಿಂದೊಮ್ಮೆ ಹೇಳಿದ್ದ ಮಾತು ನೆನಪಾಯಿತು. ಶ್ರೀರಾಮನ ಪಟಕ್ಕೆ ಅಪಾಯವೆಲ್ಲಿಯದು ಎಂಬ ಭಕ್ತಿಯೂ, ನಿಜವನ್ನು ಹೇಳಬೇಕೆಂದರೆ, ಉಳಿತಾಯಕ್ಕೆ ಅನುಕೂಲವಾಗುವಷ್ಟು ಮಾತ್ರ ತಲೆಯೆತ್ತಿತು. "ದೇವರ ಪಟ, ೫೦೦ ರೂಪಾಯಿ ಎಂದು ಬರೆಯಪ್ಪ," ಎಂದು ಹೇಳಿ, ಸಹಿ ಮಾಡಿ, ರಸೀದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆನು. ೭೨೦ ರೂಪಾಯಿ ಉಳಿಸಿದೆನೆಂಬ ತೃಪ್ತಿಯಿಂದ ಆ ಸಂಜೆ ಕಾಫಿ ಎಂದಿಗಿಂತ ರುಚಿಯಾಗಿತ್ತು.

ಐದನೆಯ ದಿನ ಪುಣೆಯಿಂದ ಛಾಯಾಚಿತ್ರಗಳು ಬಂದವು. ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ಗಾಜು ಚೂರಾಗಿತ್ತು. ಒಂದು ಚೂರು ಸೀತಾದೇವಿಯ ಕಿರೀಟದಿಂದ ಕೆನ್ನೆಯವರೆಗೆ ಎಳೆದುಕೊಂಡು ಹೋಗಿ, ಚಿನ್ನದ ರೇಕು ಎದ್ದು, ಅಡಿಯ ಬಿಳಿಯ ಸರಿ ಕಾಣುತ್ತಿತ್ತು. ಗೃಹಪ್ರವೇಶಕ್ಕೆ ಇನ್ನು ಎರಡೇ ದಿನ ಉಳಿದಿದ್ದವು.

ನಾನು ರಸೀದಿಯನ್ನು ಹಿಡಿದು ಕೊರಿಯರ್ ಕಚೇರಿಗೆ ಓಡಿದೆನು. ಅಲ್ಲಿಯ ಮೇಲಧಿಕಾರಿಯಾಗಿದ್ದವನು ನನ್ನನ್ನು ಕಂಡೊಡನೆ ಎದ್ದು ನಿಂತು ಕೈಮುಗಿದನು. ಹಿಂದೆ ಎಂಟನೆಯ ತರಗತಿಯಿಂದ ಹತ್ತನೆಯವರೆಗೆ ನನ್ನಲ್ಲಿ ಓದಿದವನು! ಕುರ್ಚಿ ಹಾಕಿ ಕೂರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ, ಚಿತ್ರಗಳನ್ನು ನೋಡಿ, ಆ ಬಳಿಕ ಕಾಗದವನ್ನು ತೆಗೆಸಿ ನನ್ನ ಮುಂದಿಟ್ಟನು. "ಮೇಷ್ಟ್ರೇ, ನಿಮ್ಮ ಮಾತನ್ನು ನಾನು ನಂಬುತ್ತೇನೆ. ಇದು ಮೂವತ್ತಾರು ಸಾವಿರದ್ದೇ ಇರಬೇಕು. ಆದರೆ ಮೇಲಿನವರು ನೋಡುವುದು ಈ ಕಾಗದವನ್ನು. ಇದರಲ್ಲಿ ಐನೂರು ಎಂದಿದೆ, ಕೆಳಗೆ ನಿಮ್ಮ ಸಹಿ ಇದೆ," ಎಂದು ಬಹಳ ಮೆಲ್ಲನೆ ಹೇಳಿದನು. ಅವನ ಧ್ವನಿಯಲ್ಲಿ ಆಕ್ಷೇಪಣೆ ಲೇಶವೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಸಂಸ್ಕೃತದಲ್ಲಿ 'ಉಭಯತಃ ಪಾಶಾ ರಜ್ಜುಃ' ಎಂಬ ನ್ಯಾಯವೊಂದುಂಟು. ಎರಡು ತುದಿಗಳಲ್ಲಿಯೂ ಕುಣಿಕೆಯುಳ್ಳ ಹಗ್ಗವೆಂದರ್ಥ. ಆ ಹುಡುಗನಿಗೇ ಅದನ್ನು ನಾನು ಕಲಿಸಿದ್ದಿರಬಹುದು. ಚಿತ್ರದ ಬೆಲೆ ೫೦೦ ಎಂದರೆ ಕೇಳತಕ್ಕದ್ದೂ ೫೦೦. ೩೬,೦೦೦ ಎಂದರೆ ನಾನು ಸುಳ್ಳು ಬರೆಸಿದವನು. ಸತ್ಯವನ್ನು ಕುರಿತು ಮೂವತ್ತುಮೂರು ವರ್ಷ ಪಾಠ ಹೇಳಿದವನು ೭೨೦ ರೂಪಾಯಿಗೆ ಅದನ್ನು ಮಾರಿದ್ದನು. ೫೦೦ ರೂಪಾಯಿ ಪಡೆದುದಕ್ಕೆ ಸಹಿ ಹಾಕಿ ಹೊರಗೆ ಬಂದೆನು.

ಸೊಸೆಯು ತವರಿನಿಂದ ಬಂದವಳು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ದಿನ ಪುಣೆಯವರಿಗೆ ಪೂರ್ತಿ ಹಣವನ್ನು ಹಿಂದಕ್ಕೆ ಕಳುಹಿಸಿದಳು. ಒಡೆದದ್ದು ದಾರಿಯಲ್ಲಿ, ನಾವೇಕೆ ಕೊಡಬೇಕು ಎಂದು ನನ್ನ ಮಗನು ಸ್ವಲ್ಪ ವಾದಿಸಿದನು. ವಾದಕ್ಕೆ ಎಡೆಯಿಲ್ಲದೆ ಇಲ್ಲ. ೧೯೩೦ರ ಸರಕು ಮಾರಾಟದ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ವಸ್ತುವಿನ ಒಡೆತನ ಯಾರದೋ ನಷ್ಟವೂ ಅವರದೇ. ಮಾರುವವನು ಸಾಗಿಸುವವನ ಕೈಗೆ ಒಪ್ಪಿಸಿದುದನ್ನು ಸಾಮಾನ್ಯವಾಗಿ ಕೊಂಡವನಿಗೆ ಒಪ್ಪಿಸಿದಂತೆಯೇ ಎಣಿಸುತ್ತಾರೆ. ಆದರೆ ಅದೇ ಕಾಯಿದೆಯು, ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ಸಾಗಿಸುವವನೊಡನೆ ಯುಕ್ತವಾದ ಕರಾರನ್ನು ಮಾರುವವನೇ ಮಾಡಬೇಕೆಂದೂ, ಮಾಡದೆ ದಾರಿಯಲ್ಲಿ ಹಾನಿಯಾದರೆ ಕೊಂಡವನು ಆ ಒಪ್ಪಿಸುವಿಕೆಯನ್ನು ಒಪ್ಪದೆ ಇರಬಹುದೆಂದೂ ಹೇಳುತ್ತದೆ. ಚಿನ್ನದ ರೇಕಿನ ಚಿತ್ರವನ್ನು ೫೦೦ ರೂಪಾಯಿಯ ಪಟವೆಂದು ಕಳುಹಿಸಿದ್ದು ಯುಕ್ತವಾದ ಕರಾರೆಂದು ಯಾವ ನ್ಯಾಯಾಧೀಶರು ಹೇಳಿಯಾರು? ಅಂತರ್ಜಾಲದ ವ್ಯಾಪಾರಕ್ಕೆಂದೇ ೨೦೨೦ರಲ್ಲಿ ಹೊರಟ ಗ್ರಾಹಕ ಸಂರಕ್ಷಣೆಯ ನಿಯಮಗಳೂ ದೋಷವುಳ್ಳ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸಕೂಡದೆಂದು ವಿಧಿಸುತ್ತವೆ. ಸೊಸೆಗೆ ಇವಾವುವೂ ಬೇಕಾಗಿರಲಿಲ್ಲ. "ದುಡ್ಡು ಹೋದರೆ ಹೋಗಲಿ ಮಾವ. ಅವರು ಗೋಡೆಗೆ ಮೊಳೆ ಹೊಡೆದುಕೊಂಡು ಕಾದಿದ್ದರಂತೆ, ಅದೊಂದೇ ಸಂಕಟ," ಎಂದಳು. ನನ್ನ ಪಿಂಚಣಿಯಿಂದ ಆ ಹಣವನ್ನು ಕೊಡಲು ಹೋದೆನು, ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ, ಅಭ್ಯಾಸಬಲದಿಂದ, ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆಗೆದೆನು. ಇದಕ್ಕೆ ಪ್ರಸಿದ್ಧವಾದ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಸರಕನ್ನು ಹೊತ್ತೊಯ್ಯುವವನ ಕೈಯಲ್ಲಿ ಅದು ನಷ್ಟವಾದರೆ, ರಾಜನಿಂದಾಗಲಿ ದೈವದಿಂದಾಗಲಿ ಬಂದ ನಷ್ಟವಲ್ಲದ ಪಕ್ಷದಲ್ಲಿ, ಅವನೇ ಅದನ್ನು ತುಂಬಿಕೊಡತಕ್ಕದ್ದೆಂದು ಆ ಸ್ಮೃತಿಯ ವಿಧಿ. ಓದಿ ಮನಸ್ಸಿಗೆ ಸಮಾಧಾನವಾಯಿತು. ಆದರೆ ಹಾಳೆಗಳನ್ನು ಹಿಂದಕ್ಕೆ ತಿರುವಿದಾಗ ಇಡುಗಂಟಿನ ಪ್ರಕರಣ ಕಣ್ಣಿಗೆ ಬಿತ್ತು. ಒಳಗೆ ಏನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತುವಿಗೆ ಔಪನಿಧಿಕವೆಂದು ಹೆಸರು. ಅದನ್ನು ಇದ್ದ ಹಾಗೆಯೇ ಹಿಂದಕ್ಕೆ ಕೊಡಬೇಕು. ಆದರೆ ರಾಜನೋ ದೈವವೋ ಕಳ್ಳರೋ ಅಪಹರಿಸಿದರೆ ಇಟ್ಟುಕೊಂಡವನಿಂದ ಕೊಡಿಸಕೂಡದು. ನನ್ನ ಪೆಟ್ಟಿಗೆ ಈ ಬಗೆಯದೂ ಆಗಿರಲಿಲ್ಲ. ಒಳಗಿರುವುದನ್ನು ಹೇಳದೆ ಕೊಡುವುದು ಒಂದು ವಿಧ. ಇರುವುದನ್ನು ಇಲ್ಲವೆಂದು ಹೇಳಿ ಕೊಡುವುದಕ್ಕೆ ಸ್ಮೃತಿಕಾರರು ಹೆಸರಿಟ್ಟು ಗೌರವಿಸಿಲ್ಲ.

ವಿಮೆಯೆಂಬುದು ಪರದೇಶದ ಪದ್ಧತಿಯೆಂದು ತಿಳಿದಿರುವ ನನ್ನಂಥವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅಡವಿಯನ್ನು ದಾಟಿ ವ್ಯಾಪಾರಕ್ಕೆ ಹೋಗುವವನು ಸಾಲಕ್ಕೆ ತಿಂಗಳಿಗೆ ನೂರಕ್ಕೆ ಹತ್ತನ್ನೂ, ಸಮುದ್ರವನ್ನು ದಾಟುವವನು ಇಪ್ಪತ್ತನ್ನೂ ಬಡ್ಡಿ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯನೂ ಕೌಟಿಲ್ಯನೂ ಹೇಳಿದ್ದಾರೆ. ಊರಿನೊಳಗಿನ ಸಾಲಕ್ಕೆ ಅಷ್ಟು ಬಡ್ಡಿಯಿಲ್ಲ. ದಾರಿಯ ಅಪಾಯಕ್ಕೂ ಒಂದು ಬೆಲೆಯುಂಟು, ಅದನ್ನು ಲೆಕ್ಕಹಾಕಿ ಮೊದಲೇ ಕೊಡಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ. ಮನುವು ವರ್ತಕರಿಗೆ ತೆರಿಗೆ ಹಾಕುವಾಗ ಕೊಂಡ ಬೆಲೆ, ಮಾರಿದ ಬೆಲೆ, ದಾರಿಯ ದೂರ, ಊಟದ ವೆಚ್ಚ ಇವುಗಳ ಜೊತೆಯಲ್ಲಿ 'ಯೋಗಕ್ಷೇಮ'ವನ್ನೂ ನೋಡಬೇಕೆನ್ನುತ್ತಾನೆ. ಇಲ್ಲದುದನ್ನು ಗಳಿಸುವುದು ಯೋಗ, ಗಳಿಸಿದುದನ್ನು ಕಾಪಾಡುವುದು ಕ್ಷೇಮ. ಯೋಗಕ್ಷೇಮವೆಂದರೆ ಸುಮ್ಮನೆ ಕುಶಲವೆಂದು ಕಾಗದಗಳ ತಲೆಯಲ್ಲಿ ಬರೆಯುತ್ತಿದ್ದ ನಾನು, ಅದೊಂದು ಖರ್ಚಿನ ಬಾಬೆಂಬುದನ್ನು ಮರೆತಿದ್ದೆನು.

ಈ ಕಾಲದ ಕಾಯಿದೆಗಳು ಅದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತವೆ. ೧೮೬೫ರ ಸಾಗಣೆದಾರರ ಕಾಯಿದೆಯಲ್ಲಿ ಬೆಲೆಬಾಳುವ ವಸ್ತುಗಳ ಒಂದು ಪಟ್ಟಿಯಿತ್ತು. ಬಂಗಾರ, ಬೆಳ್ಳಿ, ರತ್ನ, ಗಡಿಯಾರ, ಗಾಜು, ರೇಷ್ಮೆ, ಶಾಲು, ಕಲಾಕೃತಿ, ವಾದ್ಯಗಳು, ದಂತದ ಮತ್ತು ಶ್ರೀಗಂಧದ ಸಾಮಾನುಗಳು ಎಲ್ಲವೂ ಅದರಲ್ಲಿದ್ದವು; ಓದಿದರೆ ನಮ್ಮ ಮೈಸೂರಿನ ಅಂಗಡಿಬೀದಿಯನ್ನೇ ನೋಡಿ ಬರೆದರೋ ಎನಿಸುತ್ತದೆ. ಇಂಥ ವಸ್ತುವಿನ ಬೆಲೆ ೧೦೦ ರೂಪಾಯಿಗೆ ಮೀರಿದ್ದರೆ, ಕಳುಹಿಸುವವನು ವಸ್ತು ಏನೆಂಬುದನ್ನೂ ಬೆಲೆಯನ್ನೂ ಸ್ಪಷ್ಟವಾಗಿ ತಿಳಿಸಿದ ಹೊರತು ಅದು ಕಳೆದುಹೋದುದಕ್ಕೆ ಸಾಗಣೆದಾರನು ಸಾಮಾನ್ಯವಾಗಿ ಹೊಣೆಯಾಗುತ್ತಿರಲಿಲ್ಲ. ಅದರ ಸ್ಥಾನದಲ್ಲಿ ೨೦೦೭ರಲ್ಲಿ ಅಂಗೀಕೃತವಾಗಿ ೨೦೧೧ರಲ್ಲಿ ಜಾರಿಗೆ ಬಂದ ರಸ್ತೆ ಸಾಗಣೆಯ ಕಾಯಿದೆಯು, ಹೆಚ್ಚಿನ ಬೆಲೆಯನ್ನು ತಿಳಿಸಿ ಅದಕ್ಕೆ ತಕ್ಕ ಹೆಚ್ಚಿನ ದರವನ್ನು ಕೊಡದಿದ್ದವರಿಗೆ ದೊರೆಯತಕ್ಕ ಪರಿಹಾರಕ್ಕೆ ಒಂದು ಮೇರೆಯನ್ನು ಇಟ್ಟಿದೆ. ನಿಯಮಗಳ ಪ್ರಕಾರ ಅದು ಸಾಗಣೆಯ ಬಾಡಿಗೆಯ ಹತ್ತರಷ್ಟು. ಇದು ಮೇರೆಯೇ ಹೊರತು ಬಹುಮಾನವಲ್ಲ; ನಾನೇ ೫೦೦ ಎಂದು ಬರೆಸಿದ ಮೇಲೆ ಹೆಚ್ಚನ್ನು ಕೇಳಲು ನನಗೆ ಬಾಯೆಲ್ಲಿಯದು? ಆ ಕಾಯಿದೆಯ ಮೇಲೆ ದಾವೆ ಹೂಡುವವರು ಸರಕನ್ನು ಒಪ್ಪಿಸಿದ ದಿನದಿಂದ ೧೮೦ ದಿನಗಳೊಳಗೆ ಬರಹದಲ್ಲಿ ನೋಟೀಸು ಕೊಟ್ಟಿರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಸಹಿ ಹಾಕಿದ ಕಾಗದದ ಬಲವೆಷ್ಟೆಂಬುದಕ್ಕೆ ೧೯೯೬ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮೊಕದ್ದಮೆಯೊಂದು ನಿದರ್ಶನ. ಉಡುಪುಗಳನ್ನು ಜರ್ಮನಿಗೆ ರಫ್ತು ಮಾಡುತ್ತಿದ್ದ ವ್ಯಾಪಾರಿಗಳು ಸರಕಿನ ಕಾಗದಪತ್ರಗಳನ್ನು ೧೯೯೦ರಲ್ಲಿ ಕೊರಿಯರಿನಲ್ಲಿ ಕಳುಹಿಸಿದರು. ಲಕೋಟೆ ತಲಪಲಿಲ್ಲ. ಎರಡನೆಯ ಪ್ರತಿ ತಲಪುವಷ್ಟರಲ್ಲಿ ಮಾರಾಟದ ಕಾಲ ಮೀರಿ, ಕೊಳ್ಳುವವರು ಬೆಲೆಯನ್ನು ಬಹಳವಾಗಿ ತಗ್ಗಿಸಿದರು. ನಷ್ಟ ಸಾವಿರಗಳಲ್ಲಿದ್ದರೂ, ರಸೀದಿಯ ಷರತ್ತಿನಲ್ಲಿ ಹೊಣೆಯ ಮೇರೆ ೧೦೦ ಡಾಲರೆಂದು ಅಚ್ಚಾಗಿದ್ದು ಕಳುಹಿಸಿದವರು ಅದಕ್ಕೆ ಸಹಿ ಹಾಕಿದ್ದುದರಿಂದ, ಅಷ್ಟೇ ದೊರೆಯತಕ್ಕದ್ದೆಂದು ತೀರ್ಪಾಯಿತು. ಸರಕಾರದ ಅಂಚೆಯಾದರೂ ಬೇರೆಯಲ್ಲ. ೧೮೯೮ರ ಅಂಚೆ ಕಾಯಿದೆಯು, ಸರಕಾರವು ತಾನಾಗಿ ಒಪ್ಪಿಕೊಂಡ ಹೊಣೆಯ ಹೊರತು, ಕಳೆದುಹೋದುದಕ್ಕೂ ತಡವಾದುದಕ್ಕೂ ಕೆಟ್ಟುದಕ್ಕೂ ಹೊಣೆಯಿಲ್ಲವೆಂದಿತು. ೨೦೨೪ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ೨೦೨೩ರ ಹೊಸ ಕಾಯಿದೆಯೂ, ನಿಯಮಗಳಲ್ಲಿ ವಿಧಿಸಿದಷ್ಟರ ಹೊರತು ಹೊಣೆಯಿಲ್ಲವೆನ್ನುತ್ತದೆ. ಬಾಯಿಮಾತಿನ ಭರವಸೆಯನ್ನು ನೆಚ್ಚಿ ಬೆಲೆಯುಳ್ಳ ವಸ್ತುವನ್ನು ಕಳುಹಿಸುವವರು ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನು ವಿಮೆಯ ವಿಷಯ. ಮೈಸೂರಿನಿಂದ ಪುಣೆಗೆ ಲಾರಿಯಲ್ಲಿ ಹೋಗುವ ಸರಕಿನ ವಿಮೆಯನ್ನೂ ನಮ್ಮ ದೇಶದಲ್ಲಿ ಸಮುದ್ರವಿಮೆಯ ಬಗೆಯಲ್ಲಿಯೇ ಸೇರಿಸುತ್ತಾರೆಂದು ತಿಳಿದು ನನಗೆ ನಗು ಬಂದಿತು. ಲಂಡನ್ನಿನಲ್ಲಿ ಹದಿನೇಳನೆಯ ಶತಮಾನದ ಕೊನೆಗೆ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನವರೂ ವರ್ತಕರೂ ಸೇರಿ ನಡೆಸುತ್ತಿದ್ದ ವ್ಯವಹಾರದ ಹೆಸರು ಇಂದಿಗೂ ಅಳಿದಿಲ್ಲ. ನಮ್ಮ ೧೯೬೩ರ ಸಮುದ್ರವಿಮೆಯ ಕಾಯಿದೆಯ ಹೃದಯವೆಂದರೆ ಪರಮವಿಶ್ವಾಸವೆಂಬ ತತ್ತ್ವ. ವಿಮೆ ಮಾಡಿಸುವವನು ತನಗೆ ತಿಳಿದ ಮುಖ್ಯ ಸಂಗತಿಗಳನ್ನೆಲ್ಲ ಕೇಳುವ ಮೊದಲೇ ಹೇಳಬೇಕು. ಮುಚ್ಚಿಟ್ಟರೆ ಕರಾರೇ ಬಿದ್ದುಹೋಗಬಹುದು. ವಿಮೆಯವರಾದರೂ ಆ ವಿಶ್ವಾಸಕ್ಕೆ ಕಟ್ಟುಬಿದ್ದವರೇ. ತಾವು ಬಲ್ಲ ಸಂಗತಿಯನ್ನು ಬಳಿಕ ನೆಪಮಾಡಿಕೊಂಡು ಜಾರಕೂಡದೆಂದು ೧೭೬೬ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಪ್ರಭುವು ತೀರ್ಮಾನಿಸಿದ್ದಾನೆ. ಮುಖಪರಿಚಯವಿಲ್ಲದವರ ನಡುವೆ ನಂಬಿಕೆ ನಿಲ್ಲಬೇಕಾದರೆ ಅದಕ್ಕೆ ಸತ್ಯವೊಂದೇ ಆಧಾರವೆಂಬುದನ್ನು ಧರ್ಮಶಾಸ್ತ್ರದಿಂದ ಕಲಿಯದವನು ವಿಮೆಯ ಕಾಗದದಿಂದ ಕಲಿತೆನು.

ಮನೆಯ ವ್ಯಾಪಾರಿಗಳು ತಿಳಿದಿರಬೇಕಾದ ಕೆಲವು ಸೂಕ್ಷ್ಮಗಳಿವೆ. ಮೊದಲನೆಯದು, ವಿಮೆಯು ನಷ್ಟವನ್ನು ತುಂಬುವುದೇ ಹೊರತು ಲಾಭವನ್ನು ಕೊಡುವುದಲ್ಲ. ಹೆಚ್ಚು ಬೆಲೆ ಬರೆಸಿ ಹೆಚ್ಚು ಪಡೆಯಬಹುದೆಂಬುದು ಭ್ರಾಂತಿ. ಎರಡನೆಯದು, ಕಡಮೆ ಬರೆಸುವುದೂ ಜಾಣತನವಲ್ಲ. ೩೬,೦೦೦ದ ವಸ್ತುವಿಗೆ ೧೮,೦೦೦ಕ್ಕೆ ವಿಮೆ ಮಾಡಿಸಿದರೆ, ಉಳಿದರ್ಧಕ್ಕೆ ತಾನೇ ವಿಮೆದಾರನಾದಂತೆ. ೧೦,೦೦೦ದ ಹಾನಿಯಾದರೆ ೫,೦೦೦ ಮಾತ್ರ ದೊರೆಯುವುದು. ಮೂರನೆಯದು, ಕೈಯಿಂದ ಮಾಡಿದ ಚಿತ್ರ, ಕೆತ್ತನೆ, ಹಳೆಯ ಒಡವೆ ಇಂಥವುಗಳಿಗೆ ಪೇಟೆಯಲ್ಲಿ ನಿಂತ ಧಾರಣೆಯಿಲ್ಲದುದರಿಂದ, ಬೆಲೆಯನ್ನು ಮೊದಲೇ ಗೊತ್ತುಮಾಡಿ ಪಾಲಿಸಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಹಾಗೆ ಬರೆದ ಬೆಲೆಯನ್ನು, ಮೋಸವಿಲ್ಲದ ಪಕ್ಷದಲ್ಲಿ, ಬಳಿಕ ಪ್ರಶ್ನಿಸುವಂತಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ವಸ್ತುವಿನ ಸ್ವಭಾವದೋಷದಿಂದಲೋ ತಡವಾದುದರಿಂದಲೋ ಕಟ್ಟುವಿಕೆ ಸಾಲದುದರಿಂದಲೋ ಆದ ಹಾನಿಗೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಗಾಜು, ಕಲಾಕೃತಿ, ಒಡವೆಗಳನ್ನು ಪಟ್ಟಿಯಿಂದಲೇ ಹೊರಗಿಡುವ ಕೊರಿಯರುಗಳೂ ಉಂಟು. ಹಣ ಕಟ್ಟುವುದಕ್ಕೆ ಮೊದಲು ಆ ಸಣ್ಣಕ್ಷರದ ಸಾಲುಗಳನ್ನು ಓದಿಸಿ ಕೇಳಬೇಕು. ಹಳೆಯ ಪತ್ರಿಕೆಯ ಹಾಳೆಗಳಲ್ಲಿ ಗಾಜನ್ನು ಸುತ್ತಿದ ನಾನು ೭೨೦ ರೂಪಾಯಿ ಕಟ್ಟಿದ್ದರೂ ನಷ್ಟ ಭರ್ತಿಯಾಗುತ್ತಿತ್ತೋ ಇಲ್ಲವೋ ಎಂಬ ಸಂಶಯ ನನಗೆ ಈಗ ಇದೆ.

ಕಳ್ಳರ ಭಯವನ್ನು ಕುರಿತು ಒಂದು ಮಾತು. ಬೆಲೆಯನ್ನು ಹೇಳಬೇಕಾದದ್ದು ಸಾಗಿಸುವವನಿಗೆ, ಊರಿಗೆಲ್ಲ ಸಾರಬೇಕಾಗಿಲ್ಲ. ಕೊರಿಯರಿನಲ್ಲಿ ಪೆಟ್ಟಿಗೆಯ ಹೊರಗೆ 'ಚಿನ್ನದ ಚಿತ್ರ' ಎಂದು ಬರೆಯುವುದು ಅವಿವೇಕ. ಒಪ್ಪಿಗೆಯ ಕಾಗದದಲ್ಲಿ ಬರೆದರೆ ಸಾಕು. ಅಂಚೆಯಲ್ಲಿ ವಿಮೆಯ ಪಾರ್ಸೆಲುಗಳ ಮೇಲೆ ಬೆಲೆಯನ್ನು ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ಬರೆದು, ಹೊಲಿಗೆಗಳ ಮೇಲೆ ಅರಗಿನ ಮೊಹರು ಒತ್ತುತ್ತಿದ್ದುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಬಚ್ಚಿಟ್ಟುದಕ್ಕಿಂತ ಲೆಕ್ಕವಿಟ್ಟುದು ಹೆಚ್ಚು ಕ್ಷೇಮವೆಂಬುದೇ ಅದರ ಅಭಿಪ್ರಾಯ. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ದಾಖಲೆಯಾದ ವಸ್ತುವನ್ನು ಕದಿಯಲು ಧೈರ್ಯ ಬೇಕು. ೫೦೦ ರೂಪಾಯಿಯ ಪಟವನ್ನಾದರೋ ಯಾರು ಬೇಕಾದರೂ ಎಸೆಯಬಹುದು. ಎಸೆದೂಬಿಟ್ಟರು.

ಈಗ ನಮ್ಮ ಮನೆಯಲ್ಲಿ ಪದ್ಧತಿ ಬದಲಾಗಿದೆ. ಗಾಜಿನ ಬದಲು ಒಡೆಯದ ಅಕ್ರಿಲಿಕ್ ಹಾಳೆಯನ್ನು ಹಾಕಿಸುತ್ತೇವೆ. ಚಿತ್ರಕ್ಕೊಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ಹೊರಗೊಂದು ಪೆಟ್ಟಿಗೆ. ಎರಡರ ನಡುವೆ ಮೆತ್ತೆ. ಕಟ್ಟುವ ಮೊದಲೂ ಕಟ್ಟುವಾಗಲೂ ಕಟ್ಟಿದ ಬಳಿಕವೂ ಛಾಯಾಚಿತ್ರ ತೆಗೆಯುತ್ತೇವೆ, ತೂಕವನ್ನು ಬರೆದಿಡುತ್ತೇವೆ. ಕೊಳ್ಳುವವರಿಗೆ, ಪೆಟ್ಟಿಗೆ ಜಜ್ಜಿದ್ದರೆ ಪಡೆಯುವಾಗಲೇ ರಸೀದಿಯ ಮೇಲೆ ಹಾಗೆಂದು ಬರೆದು ಸಹಿ ಮಾಡಬೇಕೆಂದೂ, ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಬೇಕೆಂದೂ ಮುಂಚೆಯೇ ತಿಳಿಸುತ್ತ��ವೆ. ವಿಮೆಯ ಹಣವನ್ನು ಸೊಸೆಯು ಚಿತ್ರದ ಬೆಲೆಯಲ್ಲಿಯೇ ಸೇರಿಸಿ, ಹಾಗೆಂದು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸುತ್ತಾಳೆ. ಈವರೆಗೆ ಯಾರೂ ಅದಕ್ಕೆ ಆಕ್ಷೇಪಿಸಿಲ್ಲ. ಇಬ್ಬರು ಸಂತೋಷವನ್ನೇ ಸೂಚಿಸಿದರು.

ಆರು ತಿಂಗಳ ಹಿಂದೆ ಇನ್ನೊಂದು ಪೆಟ್ಟಿಗೆ ಹೈದರಾಬಾದಿನ ದಾರಿಯಲ್ಲಿ ಎಲ್ಲಿಯೋ ಕಾಣೆಯಾಯಿತು. ಅದರಲ್ಲಿದ್ದುದು ೧೪,೦೦೦ ರೂಪಾಯಿಯ ಸರಸ್ವತಿಯ ಚಿತ್ರ. ಈ ಸಲ ಎಲ್ಲವೂ ಕಾಗದದಲ್ಲಿದ್ದಿತು. ಬಿಲ್ಲು, ಛಾಯಾಚಿತ್ರಗಳು, ಒಪ್ಪಿಗೆಯ ಪ್ರತಿ, ಕಾಣೆಯಾದುದಕ್ಕೆ ಅವರೇ ಕೊಟ್ಟ ಪತ್ರ ಇವುಗಳನ್ನು ಸೇರಿಸಿ ನಾನೇ ಅರ್ಜಿ ಬರೆದೆನು. ಮೂರು ಸಲ ತಿರುಗಿದ ಮೇಲೆ, ಏಳನೆಯ ವಾರದಲ್ಲಿ ಹಣ ಬಂದಿತು; ಸಾಗಣೆಯ ಬಾಡಿಗೆ ಮಾತ್ರ ಬರಲಿಲ್ಲ. ಹೋದ ಚಿತ್ರಕ್ಕಾಗಿ ಸೊಸೆ ಎರಡು ದಿನ ಮಂಕಾಗಿದ್ದಳು. ಯಾವ ವಿಮೆಯೂ ಅವಳ ಎರಡು ತಿಂಗಳನ್ನು ತಿರುಗಿ ಕೊಡಲಾರದು. ಆದರೆ ಕೊಂಡವರ ಹಣವನ್ನು ಹಿಂದಿರುಗಿಸುವಾಗ ಮನೆಯ ಖರ್ಚಿಗೆ ಕೈಹಾಕಬೇಕಾಗಲಿಲ್ಲ, ಯಾರೂ ಯಾರ ಮುಖವನ್ನೂ ತಪ್ಪಿಸಬೇಕಾಗಲಿಲ್ಲ. ಅಷ್ಟು ಸಾಲದೇ?

ಪುಣೆಯಿಂದ ಹಿಂದಿರುಗಿದ ಪಟ್ಟಾಭಿಷೇಕದ ಚಿತ್ರವನ್ನು ಅವಳು ಆರು ವಾರ ಕುಳಿತು ಸರಿಪಡಿಸಿದಳು. ಮಾರಲಿಲ್ಲ, ನಮ್ಮ ನಡುಮನೆಯ ಗೋಡೆಗೆ ಹಾಕಿದ್ದಾಳೆ. ಬಂದವರು ಮೆಚ್ಚಿ ನೋಡಿ ಹೋಗುತ್ತಾರೆ. ಯಾರಿಗೂ ದೋಷ ಕಾಣುವುದಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಸೀತಾದೇವಿಯ ಕಿರೀಟದಿಂದ ಕೆನ್ನೆಯವರೆಗೆ ಕೂದಲೆಳೆಯಂಥ ಒಂದು ಗೆರೆ ನನ್ನ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಗಳನ್ನು ಕೊರಿಯರ್ ಕಚೇರಿಗೆ ಒಯ್ಯುವ ಕೆಲಸವನ್ನು ಸೊಸೆಯು ಈಗಲೂ ನನಗೇ ಒಪ್ಪಿಸಿದ್ದಾಳೆ. ಅಲ್ಲಿಯ ಹುಡುಗನು "ಬೆಲೆ ಎಷ್ಟು ಸಾರ್?" ಎಂದು ಕೇಳಿದರೆ, ಲೇಖನಿಯನ್ನು ಅವನ ಕೈಯಿಂದ ತೆಗೆದುಕೊಂಡು, ಅಂಕೆಯಲ್ಲಿಯೂ ಅಕ್ಷರದಲ್ಲಿಯೂ ನಾನೇ ಬರೆಯುತ್ತೇನೆ.